ಕೊಸರಿಗೆ ಸಿಕ್ಕಿದ ಮಾದಳ

ನಾನು ಚಿಕ್ಕವಳಿದ್ದಾಗ ಒಂದು ಹಣ್ಣಿನ ಕೊಕ್ಕು ಮುರಿದು ಬಸ್ಸಿನ ಕಿಟಕಿಯಿಂದ ಹೊರಗೆ ಎಸೆದಿದ್ದೆ. ಹಣ್ಣಿಗೆ ಎಲ್ಲಿಯ ಕೊಕ್ಕು ಎಂದು ನೀವು ನಗಬಹುದು. ಹೋದ ವಾರ ನನ್ನ ಮೊಮ್ಮಗಳೂ ನಕ್ಕಳು. ಅವಳು ಶಾಲೆಯ ಲೈಬ್ರರಿಯಿಂದ ಒಂದು ಚಿತ್ರಪುಸ್ತಕ ತಂದಿದ್ದಳು. ಅದರಲ್ಲಿ ಒಂದು ಯಹೂದಿ ಮನೆಯವರು ಅಂಗಳದಲ್ಲಿ ಎಲೆಯ ಚಪ್ಪರ ಹಾಕಿ, ಏಳು ದಿನ ಅದರೊಳಗೆ ಕುಳಿತು ಊಟ ಮಾಡುತ್ತಾರೆ. ಆ ಹಬ್ಬದ ಹೆಸರು ಸುಕ್ಕೋತ್. ಒಂದು ಪುಟದಲ್ಲಿ ಬೆಳ್ಳಿಯ ಡಬ್ಬಿ, ಡಬ್ಬಿಯೊಳಗೆ ಒಂದು ಹಳದಿ ಹಣ್ಣು.

"ಅಜ್ಜಿ, ಇವರು ಲಿಂಬೆಹಣ್ಣನ್ನು ಯಾಕೆ ಬೆಳ್ಳಿ ಡಬ್ಬಿಯಲ್ಲಿ ಇಡ್ತಾರೆ?"

ನಾನು ಕನ್ನಡಕ ಹಾಕಿಕೊಂಡೆ. ಅದು ಲಿಂಬೆಯಲ್ಲ, ಲಿಂಬೆಯ ಜಾತಿಯದೇ ಆದ ದಪ್ಪ ಸಿಪ್ಪೆಯ ಮಾದಳ. ತುದಿಯಲ್ಲಿ ಕೊಕ್ಕು ಇದೆಯೇ ಎಂದು ಮೊದಲು ನೋಡಿದೆ. ಇತ್ತು. ಚಿತ್ರ ಬಿಡಿಸಿದವರಿಗೆ ವಿಷಯ ಗೊತ್ತಿದೆ ಎಂದುಕೊಂಡೆ. ಆಮೇಲೆ ಅವಳಿಗೆ ಆ ಒಂದು ದಿನದ ಕಥೆ ಹೇಳಿದೆ. ಇಂದು ಮೂಡುಬಿದಿರೆಯಲ್ಲಿ ನನಗೆ ನನ್ನದೇ ಹಣ್ಣಿನ ಅಂಗಡಿ ಇದೆ. ನಲುವತ್ತು ವರ್ಷ ವ್ಯಾಪಾರ ಮಾಡಿದ್ದೇನೆ. ಆದರೆ ವ್ಯಾಪಾರದ ಬಗ್ಗೆ ನಾನು ಕಲಿತದ್ದರಲ್ಲಿ ಅರ್ಧದಷ್ಟು ಆ ಒಂದೇ ದಿನದಲ್ಲಿ ಕಲಿತದ್ದು.

ಆಗ ನಮ್ಮ ಮನೆ ಪಾಣೆಮಂಗಳೂರಿನಲ್ಲಿ, ನೇತ್ರಾವತಿ ಹೊಳೆಯಿಂದ ಕೂಗಳತೆ ದೂರದಲ್ಲಿತ್ತು. ಪೇಟೆಯಲ್ಲಿ ಅಪ್ಪನ ಸಣ್ಣ ಅಂಗಡಿ. ಎದುರಿಗೆ ಹಣ್ಣಿನ ಬುಟ್ಟಿಗಳು, ಹಿಂದೆ ಕಾಳುಮೆಣಸಿನ ಗೋಣಿಗಳು. ಶಾಲೆ ಬಿಟ್ಟ ಕೂಡಲೇ ನಾನು ಅಂಗಡಿಗೆ ಓಡುತ್ತಿದ್ದೆ. ಹಣ್ಣನ್ನು ಹೇಗೆ ಇಡಬೇಕು ಎಂದು ಅಪ್ಪ ಕಲಿಸಿದ್ದರು. ಒಣಗಿದ ಎಲೆ ಕೀಳಬೇಕು, ತುದಿಯಲ್ಲಿ ಕಪ್ಪಾಗಿ ಅಂಟಿಕೊಂಡಿರುವ ಹೂವಿನ ಕಡ್ಡಿ ಚಿವುಟಬೇಕು, ಒದ್ದೆ ಬಟ್ಟೆಯಿಂದ ಒರೆಸಬೇಕು, ಮೇಲೆ ಒಂದು ಬೆರಳು ತೆಂಗಿನೆಣ್ಣೆ ಸವರಬೇಕು. ಆಗ ಮಾಲು ದೂರದಿಂದಲೇ ಗಿರಾಕಿಯನ್ನು ಕರೆಯುತ್ತದೆ. ಹತ್ತು ವರ್ಷದ ನನ್ನ ಹೆಬ್ಬೆರಳು ಈ ಕೆಲಸದಲ್ಲಿ ಪಳಗಿತ್ತು. ಯಾವ ಹಣ್ಣು ಕೈಗೆ ಬಂದರೂ ಅದು ತಾನಾಗಿ ತುದಿಗೆ ಹೋಗುತ್ತಿತ್ತು.

ಅಪ್ಪನಿಂದ ಕಾಳುಮೆಣಸು ಕೊಳ್ಳಲು ವರ್ಷಕ್ಕೊಮ್ಮೆ ಕೊಚ್ಚಿಯಿಂದ ಒಬ್ಬರು ಬರುತ್ತಿದ್ದರು. ಬಿಳಿ ಗಡ್ಡ, ತಲೆಗೆ ಪುಟ್ಟ ಟೊಪ್ಪಿ, ಕಿಸೆಯಲ್ಲಿ ಒಂದು ಭೂತಕನ್ನಡಿ. ಒಂದೊಂದು ಮೆಣಸಿನ ಕಾಳನ್ನೂ ಆ ಕನ್ನಡಿಯಲ್ಲಿ ನೋಡಿಯೇ ಅವರು ಮಾತಿಗೆ ಇಳಿಯುವುದು. ನಾವು ಮಕ್ಕಳು ಅವರನ್ನು ಕೊಚ್ಚಿ ಅಜ್ಜ ಎನ್ನುತ್ತಿದ್ದೆವು. ಅವರು ಯಹೂದಿಗಳು. ಮಲಯಾಳ ಬೆರೆಸಿ ಕನ್ನಡ ಮಾತಾಡುತ್ತಿದ್ದರು, ನನ್ನನ್ನು "ಮೋಳೇ", ಅಂದರೆ ಮಗಳೇ, ಎಂದು ಕರೆಯುತ್ತಿದ್ದರು.

ಆ ವರ್ಷ ಅವರು ಮೆಣಸಿನ ಮಾತು ಮುಗಿಸಿ, ಸುಕ್ಕೋತ್ ಹಬ್ಬಕ್ಕೆ ಮುಂಬಯಿಯ ತಂಗಿಯ ಮನೆಗೆ ಹೊರಟಿದ್ದರು. ಹಬ್ಬದ ಪ್ರಾರ್ಥನೆಯಲ್ಲಿ ಮಾದಳದ ಜೊತೆ ಕೈಯಲ್ಲಿ ಹಿಡಿಯುವ ಎಲೆಗಳನ್ನು ಊರಿನಿಂದಲೇ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಹಣ್ಣು ಮಾತ್ರ ತಂಗಿಯ ಮನೆಯಲ್ಲಿ ಕಾಯುತ್ತಿತ್ತು. ಆದರೆ ಹೊಳೆಬದಿಯ ಪಾವಟಿಗೆಯಲ್ಲಿ ಪಾಚಿಗೆ ಕಾಲು ಜಾರಿ ಅವರ ಪಾದ ಉಳುಕಿತು. ಕಾಲು ಕುಂಬಳಕಾಯಿಯಂತೆ ಊದಿಕೊಂಡಿತು. ನಾಟಿ ವೈದ್ಯರು ಎಲೆ ಅರೆದು ಕಟ್ಟಿ, ಹತ್ತು ದಿನ ಅಲುಗಬಾರದು ಎಂದರು. ಹಬ್ಬಕ್ಕೆ ಉಳಿದದ್ದು ಎರಡೇ ದಿನ.

"ಇಲ್ಲಿಯೇ ಮಾಡುವ ಸಾಹುಕಾರ್ರೇ, ಚಪ್ಪರ ತಾನೇ? ನಾನು ಹಾಕ್ತೇನೆ," ಎಂದರು ಅಪ್ಪ.

ಚಪ್ಪರ ಹಾಕುವುದರಲ್ಲಿ ಅಪ್ಪನನ್ನು ಮೀರಿಸುವವರು ಊರಿನಲ್ಲಿ ಇರಲಿಲ್ಲ. ಹೆಣೆದ ತೆಂಗಿನ ಮಡಲನ್ನು ಎರಡು ಪದರ ಹೊದಿಸಿ, ಒಂದು ಹನಿ ನೀರು ಇಳಿಯದ ಹಾಗೆ ಕಟ್ಟಿದರು. ಸಂಜೆ ಕೊಚ್ಚಿ ಅಜ್ಜ ಕೋಲೂರಿಕೊಂಡು ಬಂದು ಒಳಗೆ ನಿಂತು ಮೇಲೆ ನೋಡಿದರು.

"ತುಂಬಾ ಚೆಂದ. ಆದರೆ ನಕ್ಷತ್ರ ಕಾಣಬೇಕಲ್ಲ."

"ಎಂತದ್ದು?"

"ನಮ್ಮ ಹಿರಿಯರು ಮರಳುಗಾಡಿನಲ್ಲಿ ಅಲೆಯುವಾಗ ಇಂಥ ಗುಡಿಸಿಲಿನಲ್ಲಿ ಇದ್ದರು. ಅದರ ನೆನಪಿಗೆ ಈ ಹಬ್ಬ. ಚಪ್ಪರದ ಮಾಡು ಅಷ್ಟು ಗಟ್ಟಿ ಇರಬಾರದು. ಎಡೆಯಲ್ಲಿ ಆಕಾಶ ಕಾಣಬೇಕು."

ಅಪ್ಪ ತಲೆ ಕೆರೆದುಕೊಂಡರು. "ಮಳೆ ಬಂದು ನೀವು ಒದ್ದೆಯಾದರೆ ಜನ ನನ್ನನ್ನು ನೋಡಿ ನಗ್ತಾರೆ. ಇವನು ಹಾಕಿದ ಚಪ್ಪರ ಸೋರ್ತದೆ ಅಂತ." ಆ ಸಂಜೆ ಅವರು ಒಂದು ಮಡಲನ್ನೂ ತೆಗೆಯಲಿಲ್ಲ.

ಇನ್ನು ಉಳಿದದ್ದು ಹಣ್ಣು. ಅಮ್ಮನ ತವರೂರು ಶಿರ್ತಾಡಿಯಲ್ಲಿ ಪಕ್ಕದ ಮನೆಯ ಅಜ್ಜಿಯ ಹಿತ್ತಿಲಿನಲ್ಲಿ ಮಾದಳದ ಮರ ಇತ್ತು. ಮರುದಿನ ಬೆಳಿಗ್ಗೆ ಅಕ್ಕನನ್ನೂ ನನ್ನನ್ನೂ ಕಳಿಸುವುದೆಂದು ಆಯಿತು. ಅಕ್ಕನಿಗೆ ಆಗ ಹದಿನಾರು. ಹೊರಡುವಾಗ ಕೊಚ್ಚಿ ಅಜ್ಜ ಹೇಳಿದ್ದು ಇಷ್ಟೇ: "ಒಳ್ಳೆ ಚೆಂದದ್ದು ನೋಡಿ ತರಬೇಕು ಮೋಳೇ. ಗಾಯ ಇರಬಾರದು. ಕಸಿ ಕಟ್ಟಿದ ಮರದ್ದು ಬೇಡ, ಬೀಜದಿಂದ ಬೆಳೆದ ಮರದ್ದೇ ಆಗಬೇಕು. ಸೂರ್ಯ ಮುಳುಗುವ ಮೊದಲು ನನ್ನ ಕೈಗೆ ಬರಬೇಕು. ಆಮೇಲೆ ಹಬ್ಬ ಶುರು, ಕೊಡುವುದು ಕೊಳ್ಳುವುದು ಇಲ್ಲ."

ಕೊಡುವುದು ಕೊಳ್ಳುವುದು ಇಲ್ಲದ ದಿನವೂ ಉಂಟೇ ಎಂದು ನನಗೆ ಆಶ್ಚರ್ಯವಾಯಿತು.

ಮುಂಜಾನೆಯ ಬಸ್ಸಿನಲ್ಲಿ ನಾನು ಒಂದು ಗಳಿಗೆಯೂ ಸುಮ್ಮನೆ ಕೂರಲಿಲ್ಲ. ಡೀಸೆಲಿನ ವಾಸನೆ, ಕಾಲಡಿಯಲ್ಲಿ ಯಾರದೋ ಕೋಳಿ, ಬಸ್ಸಿನ ಮಾಡಿನ ಮೇಲೆ ಬಾಳೆಗೊನೆ. ಕಂಡಕ್ಟರ್ "ರೈಟ್, ಪೋಯಿ!" ಎಂದಾಗಲೆಲ್ಲ ನಾನೂ ಎದ್ದು ನಿಲ್ಲುತ್ತಿದ್ದೆ. ಸಿದ್ದಕಟ್ಟೆ ಬಂತಾ, ಮೂಡುಬಿದಿರೆ ಬಂತಾ ಎಂದು ಕೇಳಿ ಕೇಳಿ ಅಕ್ಕನ ತಲೆ ತಿಂದೆ. "ನಿನ್ನ ಚಡ್ಡಿಯೊಳಗೆ ಚಗಳಿ ಇರುವೆ ಉಂಟಾ ಮಾರಾಯ್ತಿ? ಒಮ್ಮೆ ಕೂತುಕೋ," ಎಂದು ಅವಳು ನನ್ನ ಲಂಗ ಹಿಡಿದು ಎಳೆದಳು.

ಶಿರ್ತಾಡಿಯ ಆ ಅಜ್ಜಿ ಹಿತ್ತಿಲಿನಲ್ಲಿ ಭತ್ತ ಒಣಹಾಕುತ್ತಿದ್ದರು. ಮರ ತುಂಬ ಮುಳ್ಳು. ಎಲೆ ಮುರಿದರೆ ಮೂಗು ಜುಮ್ಮೆನ್ನುವ ಪರಿಮಳ. ಅಕ್ಕ ಕೇಳಿದಳು, "ಅಜ್ಜಿ, ಇದು ಕಸಿಯಾ?"

"ಕಸಿಯೂ ಇಲ್ಲ, ಬಿಸಿಯೂ ಇಲ್ಲ. ನನ್ನ ಅತ್ತೆ ಬೀಜ ಹಾಕಿದ್ದು."

ಕೊಂಬೆಯ ತುದಿಯಲ್ಲಿ ಒಂದು ಹಣ್ಣು ತೂಗುತ್ತಿತ್ತು. ತೆಂಗಿನ ಗೆರಟೆಯಷ್ಟು ದೊಡ್ಡದು, ಅರಿಶಿನದ ಬಣ್ಣ, ಒಂದು ಚುಕ್ಕೆ ಇಲ್ಲ. ಅಪ್ಪ ಬದಲಿಗೆ ಕೊಡಲು ಎರಡು ಅಚ್ಚು ಬೆಲ್ಲ ಕಳಿಸಿದ್ದರು. ನಾನು ಒಂದನ್ನು ಮಾತ್ರ ಚೀಲದಿಂದ ಹೊರಗೆ ತೆಗೆದೆ. ಹಣ್ಣು ಕೈಗೆ ಬಂದ ಮೇಲೂ ಹೊರಡಲಿಲ್ಲ.

"ಅಜ್ಜಿ, ಕೊಸರು?"

ಕೊಸರು ಎಂದರೆ ವ್ಯಾಪಾರ ಮುಗಿದ ಮೇಲೆ ಮಾರುವವರು ಪ್ರೀತಿಯಿಂದ ಮೇಲೆ ಹಾಕುವ ಚೂರು. ಅಕ್ಕ ನಾಚಿಕೆಯಿಂದ ನನ್ನನ್ನು ಚಿವುಟಿದಳು. ಅಜ್ಜಿ ನಕ್ಕುಬಿಟ್ಟರು. "ಪೇಟೆಯ ಹುಡುಗಿ ಅಲ್ವಾ, ಬಾಯಿ ನೋಡಿಯೇ ಗೊತ್ತಾಯ್ತು. ತಗೋ," ಎಂದು ಕೆಳಗಿನ ಕೊಂಬೆಯಿಂದ ಒಂದು ಹಣ್ಣು ಕಿತ್ತು ಕೊಟ್ಟರು. ಕೋಳಿಮೊಟ್ಟೆಗಿಂತ ತುಸು ದೊಡ್ಡದು. ಮೈಯೆಲ್ಲ ಗಂಟುಗಂಟು, ಒಂದು ಪಕ್ಕ ಇನ್ನೂ ಹಸಿರು. ತುದಿಯಲ್ಲಿ ಗಿಳಿಯ ಕೊಕ್ಕಿನ ಹಾಗೆ ಒಂದು ಕಂದು ಕಡ್ಡಿ. ದೊಡ್ಡ ಹಣ್ಣಿಗೂ ಅಂಥದ್ದೇ ಕೊಕ್ಕು ಇತ್ತು. ಹೂವು ಇದ್ದ ಜಾಗದಲ್ಲಿ ಉಳಿಯುವ ಕಡ್ಡಿ ಅದು.

ಮಕ್ಕಳೇ, ಕೊಸರು ಕೇಳಲು ಎಂದೂ ನಾಚಬೇಡಿ. ಕೊಡದಿದ್ದರೆ ನಿಮ್ಮ ಗಂಟೇನೂ ಹೋಗುವುದಿಲ್ಲ. ಆದರೆ ಸಿಕ್ಕಿದ ಕೊಸರನ್ನು ಹಗುರಾಗಿ ಕಾಣಬೇಡಿ. ನಾನು ಕಂಡೆ.

ಮೂಡುಬಿದಿರೆಯಲ್ಲಿ ಬಂಟ್ವಾಳದ ಬಸ್ಸು ಹತ್ತಿದಾಗ ನಮ್ಮ ಓಣಿಯ ಉಮ್ಮ ಸಿಕ್ಕಿದರು. ಅವರು ಬ್ಯಾರಿ ಮುಸ್ಲಿಮರು. ತಲೆಯ ಮೇಲೆ ಬುಟ್ಟಿ ಹೊತ್ತು ಊರೂರಿಗೆ ಹೋಗಿ ಗಾಜಿನ ಬಳೆ ಮಾರುತ್ತಿದ್ದರು. ಅವರ ಮಕ್ಕಳು ಕರೆಯುವಂತೆ ನಾವೂ ಅವರನ್ನು ಉಮ್ಮ ಎಂದೇ ಕರೆಯುತ್ತಿದ್ದೆವು. ನನ್ನ ಪಕ್ಕದಲ್ಲಿ ಕೂತವರು ಮೂಗರಳಿಸಿದರು.

"ಮಾದಳವಾ? ಎಂಥ ಪರಿಮಳ! ನನ್ನ ಮಗಳು ಐದು ತಿಂಗಳ ಬಸುರಿ. ಅನ್ನದ ವಾಸನೆಯೇ ಆಗುವುದಿಲ್ಲ, ಕುಡಿದ ನೀರೂ ನಿಲ್ಲುವುದಿಲ್ಲ. ಇದನ್ನು ಮೂಸಿದರೆ ವಾಂತಿ ನಿಲ್ತದೆ ಅಂತಾರೆ."

ನನ್ನ ಕಣ್ಣು ಆಗಲೇ ಬುಟ್ಟಿಯ ಹಸಿರು ಬಳೆಗಳ ಮೇಲಿತ್ತು. ಸಣ್ಣ ಹಣ್ಣನ್ನು ಎತ್ತಿ ಹಿಡಿದೆ. ಉಮ್ಮ ಎರಡು ಬಳೆ ಎಂದರು, ನಾನು ನಾಲ್ಕು ಎಂದೆ, ಮೂರಕ್ಕೆ ಮುಗಿಯಿತು. ಅಕ್ಕ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಬಳೆ ಝಣಝಣ ಎನ್ನಿಸುತ್ತ ನಾನು ದೊಡ್ಡ ಹಣ್ಣನ್ನು ಮಡಿಲಿಗೆ ಎತ್ತಿಕೊಂಡೆ. ಚೆಂದದ್ದು ಬೇಕು ಎಂದಿದ್ದರಲ್ಲ ಅಜ್ಜ? ಲಂಗದ ತುದಿಯಿಂದ ಒರೆಸಿದೆ. ನನ್ನ ಜಡೆಯ ತೆಂಗಿನೆಣ್ಣೆಯನ್ನೇ ಬೆರಳಿಗೆ ತೆಗೆದು ಸವರಿದೆ. ಆಮೇಲೆ ಹೆಬ್ಬೆರಳು ತುದಿಗೆ ಹೋಯಿತು. ಟಕ್. ಕೊಕ್ಕು ಸಿದ್ದಕಟ್ಟೆಯ ರಸ್ತೆಯ ಪಾಲಾಯಿತು.

ಮನೆಗೆ ಬಂದಾಗ ಮಧ್ಯಾಹ್ನ ಕಳೆದು ಮೂರು ಗಂಟೆ. ಕೊಚ್ಚಿ ಅಜ್ಜ ಜಗಲಿಯಲ್ಲಿ ಕಾಲನ್ನು ಮಣೆಯ ಮೇಲಿಟ್ಟು ಕುಳಿತಿದ್ದರು. ಬೆಳಿಗ್ಗೆಯೇ ಸ್ನಾನ ಮಾಡಿ, ತಾವೇ ತಂದ ಪಾತ್ರೆಯಲ್ಲಿ ಅನ್ನ ಬೇಯಿಸಿಟ್ಟು, ಬಿಳಿ ಅಂಗಿ ಹಾಕಿ ತಯಾರಾಗಿದ್ದರು. ಹಣ್ಣನ್ನು ಎರಡೂ ಕೈಯಲ್ಲಿ, ಆಗ ತಾನೆ ಹುಟ್ಟಿದ ಮಗುವನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡರು. ಕಣ್ಣು ಮುಚ್ಚಿ ಮೂಸಿದರು. ಮುಖ ಬೆಳಗಿತು. ಭೂತಕನ್ನಡಿ ತೆಗೆದು ತೊಟ್ಟಿನಿಂದ ಕೆಳಗೆ ಸುತ್ತಲೂ ನೋಡುತ್ತ ಬಂದರು. ತುದಿಗೆ ಬಂದಾಗ ಕನ್ನಡಿ ನಿಂತಿತು.

"ಮೋಳೇ, ಇಲ್ಲಿ ಒಂದು ಕಡ್ಡಿ ಇರಲಿಲ್ಲವಾ?"

"ಇತ್ತಜ್ಜ. ನಾನೇ ಮುರಿದು ಬಿಸಾಡಿದೆ," ಎಂದೆ ಜಂಬದಿಂದ. "ಈಗ ಚೆಂದ ಆಯ್ತಲ್ವಾ?"

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕನ್ನಡಿಯನ್ನು ಮಡಚಿ ಕಿಸೆಗೆ ಹಾಕಿದರು. "ಸಾರಮಿಲ್ಲ," ಎಂದರು. ಪರವಾಗಿಲ್ಲ ಎಂದು ಅವರ ಮಾತು. ಆದರೆ ಹಣ್ಣನ್ನು ಮಡಿಲಲ್ಲಿ ಇಟ್ಟುಕೊಳ್ಳಲಿಲ್ಲ. ಬೆಂಚಿನ ಮೇಲೆ, ಪಕ್ಕದಲ್ಲಿ ಇಟ್ಟರು.

ಅಪ್ಪ ಕೇಳಿದ ಮೇಲೆ ವಿಷಯ ಹೊರಬಂತು. ಹಬ್ಬದ ಹಣ್ಣು ಇಡಿಯಾಗಿ ಇರಬೇಕು. ಕೊಕ್ಕು ಇದ್ದ ಹಣ್ಣಿನ ಕೊಕ್ಕು ಮುರಿದರೆ ಅದು ಊನವಾದಂತೆ, ಹಬ್ಬಕ್ಕೆ ಸಲ್ಲುವುದಿಲ್ಲ. ಅವರ ಮನೆಗಳಲ್ಲಿ ಮೂರು ವರ್ಷದ ಮಗುವಿಗೂ ಇದು ಗೊತ್ತು. ಹಾಗಾಗಿ ನಮಗೆ ಹೇಳಬೇಕೆಂದು ಅವರಿಗೆ ಹೊಳೆದಿರಲೇ ಇಲ್ಲ.

"ನನ್ನ ತಪ್ಪು, ನಾನು ಹೇಳಬೇಕಿತ್ತು," ಎಂದರು ಅಜ್ಜ. "ಹುಡುಗನಾಗಿದ್ದಾಗಿನಿಂದ ಒಂದು ವರ್ಷವೂ ತಪ್ಪಿರಲಿಲ್ಲ. ಈ ವರ್ಷ ಎಲೆ ಮಾತ್ರ ಹಿಡಿಯುವುದು."

ಅಪ್ಪ ನನ್ನ ಕಡೆ ನೋಡಲಿಲ್ಲ. ತಮ್ಮ ಎರಡು ಪದರದ ಚಪ್ಪರದ ಕಡೆ ನೋಡಿದರು. ಆಮೇಲೆ ಏಣಿ ತಂದು ಹತ್ತಿ, ಒಂದೊಂದೇ ಮಡಲು ಎಳೆದು ತೆಗೆಯತೊಡಗಿದರು.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಂಗಳದಿಂದ ಬಾವಿಕಟ್ಟೆಗೆ ಹೋದೆ. ಬಾವಿಕಟ್ಟೆಯಿಂದ ಬೇಲಿಯ ದಣಪೆಗೆ ಹೋದೆ. ಪುನಃ ಅಂಗಳಕ್ಕೆ ಬಂದೆ. ಅಂಗಿಯೊಳಗೆ ಹುಲ್ಲು ಹೊಕ್ಕಂತೆ ಮೈಯೆಲ್ಲ ಚುಚ್ಚುತ್ತಿತ್ತು. ಶಿರ್ತಾಡಿಗೆ ಮತ್ತೆ ಹೋಗಿ ಬರುವಷ್ಟು ಹೊತ್ತು ಉಳಿದಿರಲಿಲ್ಲ. ಅಮ್ಮ ಕೊಟ್ಟ ಗಂಜಿಯನ್ನು ಅರ್ಧಕ್ಕೆ ಬಿಟ್ಟೆ. ಬಟ್ಟಲು ತೊಳೆಯಲು ಕೈ ಚಾಚಿದಾಗ ಬಳೆಗಳು ಝಣ್ ಎಂದವು.

ಬಳೆ! ಕೊಸರಿನ ಹಣ್ಣಿನ ಕೊಕ್ಕನ್ನು ನಾನು ಮುರಿದಿರಲಿಲ್ಲ. ಅದನ್ನು ಚೆಂದ ಮಾಡುವಷ್ಟು ಬೆಲೆಯೇ ಅದಕ್ಕೆ ಇರಲಿಲ್ಲವಲ್ಲ!

ಬೆಂಚಿನ ಮೇಲಿದ್ದ ದೊಡ್ಡ ಹಣ್ಣನ್ನು ಎತ್ತಿಕೊಂಡು ಓಡಿದೆ. "ಎಲ್ಲಿಗೆ?" ಎಂದು ಅಕ್ಕ ಕೂಗಿದ್ದು ಬೆನ್ನಿಗೆ ಕೇಳಿತು. ಓಣಿಯಲ್ಲಿ ಒಣಮೀನಿನ ಚಾಪೆ ಹಾರಿ, ಯಾರದೋ ಆಡಿನ ಹಗ್ಗಕ್ಕೆ ಎಡವಿ ಉಮ್ಮನ ಮನೆ ಮುಟ್ಟಿದೆ. ಅಷ್ಟರಲ್ಲಿ ನನ್ನೊಳಗಿನ ವ್ಯಾಪಾರಿ ಎಚ್ಚೆತ್ತಿದ್ದಳು. ಬೇಕು ಎಂದು ತೋರಿಸಿಕೊಂಡರೆ ಬೆಲೆ ಏರುತ್ತದೆ. ಉಸಿರು ಹಿಡಿದು, ಏನೂ ಆಗದವಳಂತೆ ಒಳಗೆ ಹೋದೆ.

"ಉಮ್ಮಾ, ನಿಮ್ಮ ಮಗಳಿಗೆ ದೊಡ್ಡ ಹಣ್ಣೇ ಕೊಡುವ ಅಂತ ತಂದೆ. ಆ ಸಣ್ಣದನ್ನು ಕೊಡಿ, ಸಾಕು."

ಉಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ದೊಡ್ಡದು ಕೊಟ್ಟು ಸಣ್ಣದು ಕೇಳುವವರನ್ನು ನಾನು ಈವರೆಗೆ ನೋಡಲಿಲ್ಲ. ಎಂತ, ಹುಳ ಉಂಟಾ ಇದರಲ್ಲಿ?"

"ಇಲ್ಲಪ್ಪ! ಅಮ್ಮನಿಗೆ ಉಪ್ಪಿನಕಾಯಿಗೆ ಸಣ್ಣದೇ ಬೇಕಂತೆ."

"ಒಂದು ಸಣ್ಣ ಹಣ್ಣಿನಲ್ಲಿ ಉಪ್ಪಿನಕಾಯಿಯಾ? ಯಾರ ಮನೆಯ ಇರುವೆಗಳಿಗೆ?" ಉಮ್ಮ ನಗು ತಡೆದುಕೊಂಡರು. "ಹಾಗಾದರೆ ಬಳೆಯೂ ವಾಪಸು ಕೊಡು."

ನಾನು ಬಳೆ ಕಳಚಿದೆ. ಕಳಚಿದ ಕೂಡಲೇ ತಪ್ಪು ಮಾಡಿದೆ ಎಂದು ಗೊತ್ತಾಯಿತು. ಕೇಳಿದ್ದನ್ನು ಚೌಕಾಸಿಯಿಲ್ಲದೆ ಕೊಟ್ಟವಳು ಅವಸರದಲ್ಲಿದ್ದಾಳೆ ಎಂದು ಉಮ್ಮನಂಥವರಿಗೆ ಬೇರೆ ಹೇಳಬೇಕೇ? ಅವರು ಕೈಕಟ್ಟಿ ನಿಂತುಬಿಟ್ಟರು. ಒಳಕೋಣೆಯಿಂದ ಅವರ ಮಗಳು ಕೂಗಿದರು, "ಕೊಡಬೇಡಿ ಉಮ್ಮಾ! ಅದು ಬಂದ ಮೇಲೆ ಇವತ್ತು ಮೊದಲ ಸಲ ಗಂಜಿ ನಿಂತದ್ದು."

ಬಾಗಿಲಿನಿಂದ ಬಿದ್ದ ಬಿಸಿಲು ಆಗಲೇ ಕೆಂಪಾಗಿ, ಎದುರುಗೋಡೆಯನ್ನು ಹತ್ತುತ್ತಿತ್ತು. ನನ್ನ ಹತ್ತಿರ ಕೊಡಲು ಇನ್ನೇನೂ ಉಳಿದಿರಲಿಲ್ಲ. ಹೇಳಲು ಮತ್ತೊಂದು ಸುಳ್ಳೂ ತೋಚಲಿಲ್ಲ. ಅಳು ಬಂತು. ಅಳುತ್ತಲೇ ಎಲ್ಲ ಹೇಳಿಬಿಟ್ಟೆ. ಕೊಚ್ಚಿ ಅಜ್ಜನ ಹಬ್ಬ, ನನ್ನ ಹೆಬ್ಬೆರಳು, ಕಿಟಕಿಯಿಂದ ಹೋದ ಕೊಕ್ಕು, ಬಿಳಿ ಅಂಗಿ ಹಾಕಿ ಕುಳಿತ ಅಜ್ಜ, ಮುಳುಗಲಿರುವ ಸೂರ್ಯ.

ಉಮ್ಮ ಬಳೆಬುಟ್ಟಿಯನ್ನು ಹತ್ತಿರ ಎಳೆದುಕೊಂಡರು. ಬುಟ್ಟಿಯಿಂದ ಒಂದು ಬಳೆ ತೆಗೆದು ಉಗುರಿನಿಂದ ತಟ್ಟಿದರು. ಟಿಣ್ ಎಂದಿತು. "ನೋಡು, ಮದುಮಗಳ ಕೈಗೆ ಇಡುವ ಮೊದಲು ಒಂದೊಂದನ್ನೂ ತಟ್ಟಿ ನೋಡ್ತೇನೆ. ಕೂದಲಿನಷ್ಟು ಸಪೂರ ಬಿರುಕು ಇದ್ದರೂ ಸದ್ದು ಒಡೀತದೆ. ಬೇರೆಯವರ ಕಣ್ಣಿಗೆ ಕಾಣುವುದಿಲ್ಲ. ಆದರೂ ನಾನು ಅದನ್ನು ಕೊಡುವುದಿಲ್ಲ. ನಿನ್ನ ಅಜ್ಜನಿಗೂ ಹಾಗೆಯೇ. ಹಬ್ಬಕ್ಕೆ ಅಂತ ಮೊದಲೇ ಹೇಳಬಾರದಾ ಹುಡುಗಿ? ಇರುವೆಗೆ ಉಪ್ಪಿನಕಾಯಿ ಹಾಕಲು ಹೊರಟಳು!"

"ಆದರೆ ಹಣ್ಣು ನನ್ನದಲ್ಲ, ಅವಳದ್ದು," ಎಂದು ಉಮ್ಮ ಒಳಕೋಣೆಯ ಕಡೆ ತೋರಿಸಿದರು.

ಉಮ್ಮನ ಮಗಳು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಮುಖ ಬಿಳಿಚಿಕೊಂಡಿತ್ತು, ಕಣ್ಣು ಗುಳಿಬಿದ್ದಿತ್ತು. ಅವರ ಮುಷ್ಟಿಯಲ್ಲಿ ಆ ಗಂಟುಗಂಟಿನ ಹಣ್ಣು. ಪರಿಮಳ ಏಳಲೆಂದು ಉಗುರಿನಿಂದ ಸಿಪ್ಪೆ ಗೀರಿರಬಹುದೇ? ಅವರು ದೊಡ್ಡ ಹಣ್ಣನ್ನು ತೆಗೆದುಕೊಂಡು ಮೂಸಿದರು. ಇನ್ನೊಮ್ಮೆ ಮೂಸಿದರು.

"ಇದರಲ್ಲಿ ನಿನ್ನ ತಲೆಯ ಎಣ್ಣೆಯ ವಾಸನೆ ಉಂಟು," ಎಂದು ನಕ್ಕರು. "ತೊಳೆದರೆ ಆಯ್ತು. ತಗೊಂಡು ಹೋಗು. ಗೀರುವ ಅಂತಲೇ ಇದ್ದೆ, ಈಗಷ್ಟೇ ಉಗುರು ಇಟ್ಟಿದ್ದೆ."

ನಾನು ಕೈ ಚಾಚಿದಾಗ ಉಮ್ಮ ತಟ್ಟಿ ಸರಿಸಿದರು. "ನಿನ್ನ ಹೆಬ್ಬೆರಳನ್ನು ನಂಬುವುದಿಲ್ಲ ನಾನು." ಬಳೆ ತುಂಬುವ ಹುಲ್ಲನ್ನು ಒಂದು ರಟ್ಟಿನ ಡಬ್ಬಿಗೆ ಹಾಸಿ, ನಡುವೆ ಹಣ್ಣನ್ನು ಕೂರಿಸಿ, ಡಬ್ಬಿಯನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತುಕೊಂಡರು. ಗಾಜು ಹೊತ್ತು ಅಭ್ಯಾಸವಾದ ನಡಿಗೆ ಅವರದು, ಒಂದಿಷ್ಟೂ ಅಲುಗಾಟ ಇಲ್ಲ. ನಾನು ಮುಂದೆ ಓಡುವುದು, ಹಿಂದೆ ಬರುವುದು, ಪುನಃ ಮುಂದೆ ಓಡುವುದು. "ಬೇಗ ಉಮ್ಮಾ, ಬೇಗ!" ಅವರು ಹೆಜ್ಜೆ ಬದಲಿಸಲೇ ಇಲ್ಲ.

ಹೊಳೆಯ ಮೇಲೆ ಸೂರ್ಯ ಇನ್ನೂ ಎರಡು ಮಾರು ಎತ್ತರದಲ್ಲಿದ್ದಾಗ ನಾವು ಅಂಗಳಕ್ಕೆ ಬಂದೆವು. ಉಮ್ಮ ಡಬ್ಬಿ ತೆರೆದು ಅಜ್ಜನ ಮುಂದೆ ಹಿಡಿದರು. ಹುಲ್ಲಿನ ಮೇಲೆ ಕೂತ ಆ ಹಣ್ಣನ್ನು ಕಂಡು ಅಕ್ಕ, "ಅಯ್ಯೋ, ಇದಾ? ಇದರ ಮೈಗೆ ಕಜ್ಜಿ ಆಗಿದೆ," ಎಂದಳು. ಅಜ್ಜ ಕಿಸೆಯಿಂದ ಭೂತಕನ್ನಡಿ ತೆಗೆದರು. ಆದರೆ ಹಣ್ಣನ್ನು ಮುಟ್ಟಲಿಲ್ಲ. ಮೊದಲು ಉಮ್ಮನನ್ನು ಕೇಳಿದರು.

"ಇದು ಪೂರ್ತಿ ನನ್ನದಾಗಬೇಕು. ಕಡ ತಂದದ್ದು ಆಗುವುದಿಲ್ಲ. ಯಾರ ಕೈಯಿಂದಲೂ ಉಪಾಯದಲ್ಲಿ ತೆಗೆದದ್ದೂ ಆಗುವುದಿಲ್ಲ. ಮನಸ್ಸಿನಿಂದ ಕೊಡ್ತೀರಾ?"

ನಾನು ನೆಲ ನೋಡಿದೆ. ಉಮ್ಮ ಒಂದು ಸಲ ನನ್ನನ್ನು ನೋಡಿದರು. ಉಪ್ಪಿನಕಾಯಿಯ ಸುಳ್ಳು ಈಗ ಹೊರಬರುತ್ತದೆ ಎಂದು ನನ್ನ ಕಿವಿ ಬಿಸಿಯಾಯಿತು.

"ಹುಡುಗಿ ಅತ್ತು ನಿಜ ಹೇಳಿಯೇ ಕೇಳಿದ್ದು. ನನ್ನ ಮಗಳು ನಗುತ್ತಲೇ ಕೊಟ್ಟದ್ದು," ಎಂದರು ಉಮ್ಮ.

ಅಜ್ಜ ಹಣಕ್ಕೆಂದು ಕಿಸೆಗೆ ಕೈಹಾಕಿದರು. "ಕೊಸರಿಗೆ ಬಂದ ಹಣ್ಣಿಗೆ ಯಾರಾದರೂ ಹಣ ತಗೊಳ್ತಾರಾ?" ಎಂದು ಉಮ್ಮ ಕೈ ಬೀಸಿಬಿಟ್ಟರು.

ಆಗ ಅಜ್ಜ ಹಣ್ಣನ್ನು ಎತ್ತಿಕೊಂಡರು. ತೊಟ್ಟಿನಿಂದ ಕೆಳಗೆ ಕನ್ನಡಿ ಹಿಡಿದು ಸುತ್ತಲೂ ನೋಡುತ್ತ ಬಂದರು. ಗಂಟುಗಳ ಮೇಲೆ, ಹಸಿರು ಪಕ್ಕದ ಮೇಲೆ, ನಿಧಾನಕ್ಕೆ. ಏಣಿಯ ಮೇಲೆ ಅಪ್ಪ ಒಂದು ಮಡಲು ಹಿಡಿದು ಹಾಗೆಯೇ ನಿಂತಿದ್ದರು. ಕನ್ನಡಿ ತುದಿಗೆ ಬಂದು ನಿಂತಿತು.

"ಮೋಳೇ, ಇದು ಚೆಂದ," ಎಂದರು ಅಜ್ಜ. "ದೊಡ್ಡದಕ್ಕಿಂತ ಚೆಂದ." ಅವರ ಕಣ್ಣಿನಲ್ಲಿ ನೀರಿತ್ತು. ನನಗೆ ಆ ಗಂಟುಗಂಟಿನ ಹಣ್ಣಿನಲ್ಲಿ ಚೆಂದ ಕಾಣಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಅವರು ಯಾವುದನ್ನು ಚೆಂದ ಎನ್ನುತ್ತಾರೆ ಎಂದು ಆಗ ಗೊತ್ತಾಯಿತು.

ಸೂರ್ಯ ಮುಳುಗಿದ. ಅಜ್ಜ ಕೋಲೂರಿಕೊಂಡು ಚಪ್ಪರದೊಳಗೆ ಹೋಗಿ ಕುಳಿತರು. ಅಪ್ಪ ಏಣಿಯಿಂದ ಇಳಿದು, "ಈಗ ಇದು ಚಪ್ಪರವಾ, ಜರಡಿಯಾ?" ಎಂದು ಗೊಣಗಿದರು. ಅಜ್ಜ ಮೇಲೆ ನೋಡಿ ಬೆರಳು ತೋರಿಸಿದರು. ಮಡಲುಗಳ ಎಡೆಯಲ್ಲಿ ಒಂದು ನಕ್ಷತ್ರ ಆಗ ತಾನೇ ಮೂಡಿತ್ತು. ಅಪ್ಪನೂ ಬಗ್ಗಿ ಒಳಗೆ ಬಂದು ನೋಡಿದರು. ಆ ವಾರ ಎರಡು ಸಲ ಮಳೆ ಬಂತು. ಯಾರೂ ಅಪ್ಪನನ್ನು ನೋಡಿ ನಗಲಿಲ್ಲ.

ಏಳು ದಿನ ಕಳೆದು ಹಬ್ಬ ಮುಗಿದ ಮೇಲೆ ಅಜ್ಜ ಆ ಹಣ್ಣನ್ನು ಅದೇ ರಟ್ಟಿನ ಡಬ್ಬಿಯಲ್ಲಿಟ್ಟು ನನ್ನ ಕೈಗೆ ಕೊಟ್ಟರು. ಹಬ್ಬ ಮುಗಿದ ಮೇಲೆ ಅದರ ಕೊಕ್ಕನ್ನು ಬಸುರಿಯರಿಗೆ ಕಚ್ಚಲು ಕೊಡುವ ಪದ್ಧತಿ ಅವರ ಕೆಲವು ಮನೆಗಳಲ್ಲಿ ಇದೆಯಂತೆ, ಹೆರಿಗೆ ಸುಲಭವಾಗಲೆಂದು. ನಾನು ಓಡದೆ, ಉಮ್ಮನ ಹಾಗೆ ನಡೆದುಕೊಂಡು ಹೋಗಿ ಕೊಟ್ಟೆ. ಉಮ್ಮನ ಮಗಳು ಕೊಕ್ಕನ್ನು ಕಚ್ಚಿ, "ಥೂ, ಕಹಿ!" ಎಂದು ಮುಖ ಹಿಂಡಿದರು. ಉಮ್ಮ ಆ ಮೂರು ಹಸಿರು ಬಳೆಗಳನ್ನು ಒಂದೊಂದಾಗಿ ತಟ್ಟಿ ನೋಡಿ ಪುನಃ ನನ್ನ ಕೈಗೆ ಹಾಕಿದರು.

ಮುಂದೆ ನಾನು ನನ್ನದೇ ಅಂಗಡಿ ಹಾಕಿದಾಗ ಒಂದು ಕ್ರಮ ಇಟ್ಟುಕೊಂಡೆ. ಗಿರಾಕಿ ಏನು ಕೇಳಿದರೂ, ಎಂತಕ್ಕೆ ಬೇಕು ಎಂದು ಮೊದಲು ಕೇಳುತ್ತೇನೆ. ಪೂಜೆಗೋ, ರೋಗಿಗೋ, ಉಪ್ಪಿನಕಾಯಿಗೋ? ಅದು ಗೊತ್ತಾದ ಮೇಲೆಯೇ ಹಣ್ಣಿಗೆ ಕೈ ಹಾಕುವುದು. ನೀವೂ ಹಾಗೆ ಮಾಡಿ ಮಕ್ಕಳೇ, ಯಾರ ಕೆಲಸಕ್ಕೆ ಹೋದರೂ. ಒಂದು ಮಾತು ಕೇಳಿದರೆ ಒಂದು ದಿನದ ಓಟ ಉಳಿಯುತ್ತದೆ.

ನನ್ನ ಮೊಮ್ಮಕ್ಕಳ ಮನೆಗೆ ಈಗ ಹಣ್ಣು ಫೋನಿನಲ್ಲಿ ಬರುತ್ತದೆ. ಎಲ್ಲ ಒಂದೇ ಅಳತೆ, ಮೈಮೇಲೆ ಚೀಟಿ, ತುದಿ ನುಣ್ಣಗೆ. ಮೊಮ್ಮಗ ಆ ಚಿತ್ರಪುಸ್ತಕದ ಹಣ್ಣನ್ನೂ ಫೋನಿನಲ್ಲಿ ಹುಡುಕಿ, ಎಲ್ಲ ಕಡೆಯಿಂದ ತಿರುಗಿಸಿ ತೋರಿಸಿದ. ಒಳ್ಳೆಯದೇ. ಆ ದಿನ ಇದೊಂದು ಇದ್ದಿದ್ದರೆ ಅಜ್ಜ ಒಂದು ಫೋಟೋ ತೋರಿಸುತ್ತಿದ್ದರು, ನನ್ನ ಹೆಬ್ಬೆರಳು ಸುಮ್ಮನಿರುತ್ತಿತ್ತು. ನಮ್ಮ ಕಾಲವೇ ಮೇಲು ಎಂದು ನಾನು ಹೇಳುವುದಿಲ್ಲ, ಬಸ್ಸಿನ ಕೋಳಿವಾಸನೆ ನಿಮಗೆ ಬೇಡ. ಆದರೆ ಫೋನು ಕೊಸರು ಕೊಡುವುದಿಲ್ಲ. ಎಷ್ಟು ಚೌಕಾಸಿ ಮಾಡಿದರೂ ಕೊಡುವುದಿಲ್ಲ, ನಾನು ಮಾಡಿ ನೋಡಿದ್ದೇನೆ.

ಮೊನ್ನೆ ಮೊಮ್ಮಗಳನ್ನು ಸಂತೆಗೆ ಕರೆದುಕೊಂಡು ಹೋದೆ. ಲಿಂಬೆಹಣ್ಣು ಕೊಂಡು ಮುಗಿದ ಮೇಲೂ ಅವಳು ಹೊರಡಲಿಲ್ಲ. ಕಾಲಿನಿಂದ ಕಾಲಿಗೆ ಭಾರ ಬದಲಿಸುತ್ತ ನಿಂತಳು. ಆಮೇಲೆ ಮೆಲ್ಲಗೆ, "ಕೊಸರು?" ಎಂದಳು. ಮಾರುವವಳು ನಕ್ಕು, ಒಂದು ಸೊಟ್ಟ ಲಿಂಬೆ ಅವಳ ಕೈಗೆ ಹಾಕಿದಳು. ಮೊಮ್ಮಗಳು ಅದನ್ನು ಚೀಲಕ್ಕೆ ಹಾಕಲಿಲ್ಲ. ಮನೆಯವರೆಗೆ ಅಂಗೈಯಲ್ಲೇ ಹಿಡಿದು ಬಂದಳು. ಬಂದವಳು ಮೇಜಿನ ಮೇಲಿಟ್ಟು, ಬಗ್ಗಿ ಅದರ ತುದಿ ನೋಡಿದಳು. ಆಮೇಲೆ ನನ್ನ ಹೆಬ್ಬೆರಳನ್ನು ನೋಡಿ, ಹಣ್ಣನ್ನು ತನ್ನ ಕಡೆಗೆ ಸರಿಸಿಕೊಂಡಳು.